ಐದು ಗಂಟೆಗೆ ಮುಚ್ಚಿದ ಘಾಟಿ ರಸ್ತೆ

ಅಕ್ಕನನ್ನು ಒಂದು ಸಲವಾದರೂ ಸೋಲಿಸಬೇಕಿತ್ತು. ಕಾರು ಓಡಿಸುವ ಆ ವಿಡಿಯೊ ಗೇಮಿನ ಘಾಟಿ ರಸ್ತೆಯಲ್ಲಿ ಮೂರು ವರ್ಷ ಅವಳೇ ಗೆದ್ದಿದ್ದಳು. ಅವಳು ಕೆಲಗೇರಿಯ ತನ್ನ ಮನೆಯಿಂದ, ನಾನು ಗೋಕುಲ ರಸ್ತೆಯ ಬಾಡಿಗೆ ಮನೆಯಿಂದ, ಪ್ರತಿ ಭಾನುವಾರ. ಈಗ ಕಂಪನಿ ಆಟವನ್ನೇ ನಿಲ್ಲಿಸುತ್ತಿತ್ತು. ಈ ಭಾನುವಾರ ಸಂಜೆ ಐದಕ್ಕೆ ಸರ್ವರ್ ಬಂದ್. ಒಬ್ಬಳೇ ಆಡಿದರೂ ಅದಕ್ಕೆ ಇಂಟರ್ನೆಟ್ ಬೇಕು. ಐದರ ನಂತರ ನಾನು ದುಡ್ಡು ಕೊಟ್ಟು ಕೊಂಡ ಆಟದ ಡಿಸ್ಕಿನಿಂದ ಏನೂ ತೆರೆಯುವುದಿಲ್ಲ.

ಆ ದಿನವೇ ರಸ್ತೆ ಅಗೆಯುವವರು ಇಂಟರ್ನೆಟ್ ಕೇಬಲ್ ಕಡಿದರು. ಅಥವಾ ಹಿಂದಿನ ದಿನ ಕಡಿದಿದ್ದರೋ; ನೆನಪು ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕುತ್ತದೆ. ಮೊಬೈಲ್ ಡೇಟಾ ಹಚ್ಚಿದೆ. ಮುಚ್ಚಲಿರುವ ಆಟ ನಾಚಿಕೆಯಿಲ್ಲದೆ ಕೊನೆಯದೊಂದು ಅಪ್‌ಡೇಟ್ ಕೇಳಿತು, ಅದು ಮುಗಿಯುವಷ್ಟರಲ್ಲಿ ಇದ್ದ ಡೇಟಾ ಎಲ್ಲ ನುಂಗಿತು. ನಾಲ್ಕೂವರೆ.

ಕೆಳಗೆ ಬೈಕ್ ಗ್ಯಾರೇಜ್ ಇಟ್ಟಿರುವ ಕಾಕಾ ಅವರ ಹತ್ತಿರ ಓಡಿದೆ. ವಿಷಯ ಕೇಳಿ ಅವರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನ್ ಹಿಡಿದು ಮೇಲೆ ಬಂದರು. ಹಾಟ್‌ಸ್ಪಾಟ್ ಹಚ್ಚಿಕೊಟ್ಟು ಡಿಸ್ಕಿನ ಡಬ್ಬಿ ತಿರುಗಿಸಿ ನೋಡಿದರು.

“ಇದು ನಿಂದs ಹೌದಲ್ಲ, ತಂಗಿ? ನಾಳಿಂದ ನನ್ನ ಪಾನಾ ತಿರಗೂದಿಲ್ಲಂತ ಪಾನಾ ಮಾಡಿದಾಂವ ಹೇಳಿದ್ರ ನಾ ಸುಮ್ಮ ಕುಂಡ್ರತೇನೇನು?”

“ಡಿಸ್ಕ್ ನಂದು, ಕಾಕಾ. ರಸ್ತಾ ಕಂಪನಿಯವರದು,” ಅಂದೆ. ಹಾಗೆ ಅಂದೆನೋ, ಈಗ ಬರೆಯುವಾಗ ಹೊಳೆಯಿತೋ. ಆಗ ನಾನು ಕಾರು ಆರಿಸುತ್ತಿದ್ದೆ. ನನ್ನ ಫೋನಿನ ಸ್ಪೀಕರಿನಲ್ಲಿ ಅಕ್ಕ: “ಅಂಜಿ ಓಡಿ ಹೋದಿ ಅಂತ ತಿಳಕೊಂಡಿದ್ನಿ.”

ಐದಕ್ಕೆ ಐದು ನಿಮಿಷ. ಓಟವೂ ಹೆಚ್ಚುಕಡಿಮೆ ಅಷ್ಟೇ. ಹೊರಟೆವು. ಮೊದಲ ತಿರುವಿನಲ್ಲಿ ಅವಳು ಮುಂದೆ, ಸೇತುವೆಯ ಮೇಲೆ ನಾನು, ಮತ್ತೆ ಅವಳು. ಕೊನೆಯ ಇಳಿಜಾರಿನಲ್ಲಿ ಅವಳ ಕಾರು ಗೋಡೆಗೆ ಉಜ್ಜಿತು. ಎರಡೂ ಕಾರು ಅಕ್ಕಪಕ್ಕ, ಮುಗಿಯುವ ಗೆರೆ ಎದುರಿಗೆ, ಇನ್ನೂ ಎದುರಿಗೆ, ಈಗ ಚಕ್ರದ ಕೆಳಗೆ. ಪರದೆ ಬೂದಾಯಿತು. ಅದರ ಮೇಲೆ ಒಂದು ಸಾಲು ಮೂಡಿತು: ಸೇವೆ ಮುಗಿದಿದೆ, ಆಡಿದ್ದಕ್ಕೆ ಧನ್ಯವಾದ.

ಯಾರು ಗೆದ್ದರೆಂದು ಹೇಳಬೇಕಾದ ಸರ್ವರ್ ಇರಲೇ ಇಲ್ಲ.

“ನಾ ಗೆದ್ದೆ,” ಅಂದೆ.

“ನಿನ್ನ ತಲಿ. ನಾ ಗೆದ್ದೇನಿ,” ಅಂದಳು ಅಕ್ಕ.

ಕಾಕಾ ಅವರನ್ನು ಸಾಕ್ಷಿ ಕೇಳಿದೆ. ಅವರು ಆಗ ಫೋನಿನ ಚಾರ್ಜ್ ನೋಡುತ್ತಿದ್ದರಂತೆ. “ಖರೇ ಹೇಳಬೇಕಂದ್ರ, ಇಬ್ರೂ ಭಾಳ ಜೋರ ಬಂದ್ರಿ.”

ಬೂದು ಪರದೆಯ ಮುಂದೆ ನಾನು ಕುಣಿಯುತ್ತಿದ್ದೆ. ಕೆಲಗೇರಿಯಲ್ಲಿ ಅವಳೂ ಕುಣಿಯುತ್ತಿದ್ದಳಂತೆ. ಅದಕ್ಕೂ ಅವಳ ಮಾತೇ ಸಾಕ್ಷಿ.