ಅಕ್ಕಿ ಸ್ಟೋರಿನಲ್ಲಿ ಉಳಿದ ಇಪ್ಪತ್ತೊಂದನೆಯವನು

2024ರಲ್ಲಿ ನಾನು ನೌಕಾಪಡೆಯ ಯುದ್ಧನೌಕೆಯೊಂದರ ರೇಡಿಯೋ ಕೊಠಡಿಯಲ್ಲಿ ಹಿರಿಯ ನಾವಿಕನಾಗಿದ್ದೆ. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್. ಸಮುದ್ರದ ದಾರಿ ಎಲ್ಲರಿಗೂ ತೆರೆದಿರಬೇಕು ಎಂಬುದು ನಮ್ಮ ದೇಶದ ನೀತಿ. ಅರಬ್ಬೀ ಸಮುದ್ರದಲ್ಲಿ ಯಾವ ದೇಶದ ವ್ಯಾಪಾರಿ ಹಡಗೇ ಆಗಲಿ, ನಿರ್ಭಯವಾಗಿ ಹಾದುಹೋಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಒಂದು ಬೆಳಿಗ್ಗೆ ವಿದೇಶಿ ಧ್ವಜದ ಹಡಗೊಂದನ್ನು ಕಡಲ್ಗಳ್ಳರು ಹತ್ತಿದರು. ಸಿಬ್ಬಂದಿ ಇಪ್ಪತ್ತೊಂದು ಜನ. ಇಂಥ ಹೊತ್ತಿನಲ್ಲಿ ಎಲ್ಲರೂ ‘ಸಿಟಾಡೆಲ್’ ಎಂಬ ಉಕ್ಕಿನ ಕೋಣೆ ಸೇರಿ ಒಳಗಿನಿಂದ ಭದ್ರಪಡಿಸಿಕೊಳ್ಳಬೇಕು. ಹೊರಗೆ ಒಬ್ಬನೂ ಉಳಿದಿಲ್ಲವೆಂದು ಖಚಿತವಾದರೆ ಕಮಾಂಡೋಗಳು ಗುಂಡು ಹಾರಿಸುತ್ತಲೇ ನುಗ್ಗಬಹುದು.

ನಮ್ಮ ವಿಮಾನ ಆ ಹಡಗಿನ ಮೇಲೆ ಸುತ್ತುತ್ತಿತ್ತು. ಸಿಟಾಡೆಲ್ ಒಳಗೂ ಒಂದು ರೇಡಿಯೋ ಇರುತ್ತದೆ. ಎಲ್ಲರೂ ಒಳಗಿದ್ದೀರಾ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲರೂ ಒಳಗಿದ್ದೇವೆ ಎಂಬ ಉತ್ತರ ಬಂತು, ಆದರೆ ಸ್ವಲ್ಪ ತಡವಾಗಿ ಬಂತು. ಮಾತಾಡಿದವರು ಆ ಹಡಗಿನ ಸೆಕೆಂಡ್ ಆಫೀಸರ್ ಮಹದೇವಸ್ವಾಮಿ. ಸಿಬ್ಬಂದಿ ಪಟ್ಟಿಯಲ್ಲಿ ಅವರ ಊರು ಚಂದಕವಾಡಿ ಎಂದಿತ್ತು. ನಾನು ಅದೇ ಜಿಲ್ಲೆಯ ಗುಂಡ್ಲುಪೇಟೆಯವನು. ಕಾರ್ಯಾಚರಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವ ರೂಢಿಯಿಲ್ಲ. ನಮ್ಮ ಕ್ಯಾಪ್ಟನ್ ಮುಖ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು.

"ಸ್ವಾಮಿ, ನಾನು ಗುಂಡ್ಲುಪೇಟೆಯವ್ನು ಕಣಪ್ಪ. ನಿಜ ಏಳು, ಎಲ್ರೂ ಒಳ್ಗವ್ರಾ?"

"ಅಣ್ಣೋ! ಇಲ್ಲ ಕಣಣ್ಣ. ಅಡ್ಗೆ ಬಶೀರ ಒರ್ಗಡೆ ಉಳ್ಕಬುಟ್ಟ. ಇಂದ್ಗಡೆ ಅಕ್ಕಿ ಸ್ಟೋರಲ್ಲವ್ನೆ. ಇಂಗ್ಲಿಷಲ್ಲಿ ಏಳುದ್ರೆ ಮ್ಯಾಲಿರೋ ಕಳ್ರು ಕೇಳಸ್ಕಂಡು ಇಡ್ಕಬುಡ್ತರೆ."

ಹೌದು, ಹಡಗು ನಡೆಸುವ ಮೇಲಿನ ಕೋಣೆಯ ರೇಡಿಯೋ ಕಳ್ಳರ ಕೈಯಲ್ಲೇ ಇತ್ತು; ನಾವು ಆಡುವುದೆಲ್ಲ ಅವರಿಗೂ ಕೇಳಿಸುತ್ತಿತ್ತು.

"ಬೇಗ ಬನ್ನಿ ಅಣ್ಣ. ಅವ್ನಿಲ್ದಿದ್ರೆ ನಮ್ ಕ್ಯಾಪ್ಟನ್ ಮಾಡೋ ಸಾರು ತಿನ್ಬೇಕಾಯ್ತದೆ."

ಯೋಜನೆ ಬದಲಾಯಿತು. ಕಮಾಂಡೋಗಳು ಮೊದಲು ಹಿಂಬದಿಗೆ ಇಳಿದು ಸ್ಟೋರಿನ ಬಾಗಿಲಿಗೆ ಕಾವಲು ನಿಂತರು. ಮಧ್ಯಾಹ್ನದೊಳಗೆ ಕಳ್ಳರು ಶರಣಾದರು. ಬಶೀರ್ ಅಕ್ಕಿ ಮೂಟೆಗಳ ಹಿಂದಿನಿಂದ ಮೈಯೆಲ್ಲ ಬಿಳಿ ಧೂಳಾಗಿ ಎದ್ದು ಬಂದ.

ಆಮೇಲೆ ಸ್ವಾಮಿ ರಜೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಹೋದ ತಿಂಗಳು ಹೃದಯಾಘಾತದಲ್ಲಿ ತೀರಿಕೊಂಡರು. ಫೋನಿನಲ್ಲಿ ಅವರ ನಂಬರು ಇನ್ನೂ ಅಳಿಸಿಲ್ಲ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬಶೀರ್ ಬಂದಿದ್ದ. ರಾತ್ರಿಯಿಡೀ ಮುಚ್ಚಿರುವ ಬಂಡೀಪುರ ಕಾಡಿನ ಗೇಟು ಬೆಳಿಗ್ಗೆ ತೆರೆಯುತ್ತಲೇ ವಯನಾಡಿನಿಂದ ಮೊದಲ ಬಸ್ಸು ಹಿಡಿದಿದ್ದನಂತೆ. ಬಾಗಿಲ ಬಳಿಯೇ ನಿಂತಿದ್ದವನನ್ನು ಸ್ವಾಮಿಯವರ ಹೆಂಡತಿ ಒಳಗೆ ಕರೆದು ಅನ್ನದ ಬಕೆಟ್ಟನ್ನು ಅವನ ಕೈಗೇ ಕೊಟ್ಟರು.

ಲೆಕ್ಕ ಸರಿಯಿದೆ ಎಂದು ಯಾರಾದರೂ ಹೇಳಿದಾಗ, ಅವರು ನಿಜ ಹೇಳಬಲ್ಲ ಭಾಷೆಯಲ್ಲಿ ಇನ್ನೊಂದು ಸಲ ಕೇಳಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟು. ಆವತ್ತು ಬಶೀರ್ ಪಂಕ್ತಿಯ ಕೊನೆಯವರೆಗೂ ಬಡಿಸಿ, ಬಕೆಟ್ ಕೆಳಗಿಡದೆ ಬಾಗಿಲಿಗೆ ಹೋಗಿ ಅಂಗಳ ನೋಡಿದ.

"ಒರ್ಗಡೆ ಯಾರಾದ್ರೂ ಉಳುದ್ರಾ?" ಎಂದ, ಸ್ವಾಮಿಯಿಂದ ಕಲಿತ ಕನ್ನಡದಲ್ಲಿ.