ಟಾಂಗಾದ ಕಾಕಾನ ನಗು

ಮೊನ್ನೆ ಮೊಮ್ಮಗಳು ಕುಕ್ಕರಿನಲ್ಲಿ ಹುರುಳಿ ಬೇಯಿಸಿದಳು. ಆ ವಾಸನೆಗೆ ಯಾದಗಿರಿಯ ನಮ್ಮ ಹಳೆಯ ಓಣಿ, ಎದುರು ಮನೆಯ ಟಾಂಗಾದ ಕಾಕಾ ನೆನಪಾದರು. ಅವರ ಅಂಗಳದಲ್ಲಿ ದಿನವೂ ಮುಂಜಾನೆ ಕುದುರೆಗೆಂದು ಹುರುಳಿ ಬೇಯುತ್ತಿತ್ತು; ಒಲೆಯ ಮುಂದೆ ಕಾಕಾ ಗುನುಗುತ್ತಾ ಕೂತಿರುತ್ತಿದ್ದರು.

ನಿಜಾಮನ ಆಳ್ವಿಕೆಯ ಕಡೆಯ ವರ್ಷಗಳು. ನಾನು ಆ ಓಣಿಗೆ ಹೊಸ ಸೊಸೆ. ಮಾವನವರು ಕಚೇರಿಯ ಗುಮಾಸ್ತರು. ಮನೆಯೂ ಕಚೇರಿಯಂತೆಯೇ ನಡೆಯುತ್ತಿತ್ತು. ಏಳುವುದಕ್ಕೊಂದು ಹೊತ್ತು, ಉಣ್ಣುವುದಕ್ಕೊಂದು ಹೊತ್ತು. ನಗುವುದಕ್ಕೆ ಹೊತ್ತು ಗೊತ್ತುಮಾಡಿರಲಿಲ್ಲ...

ಒಂದು ಬೇಸಿಗೆಯಲ್ಲಿ ಯಾರೋ ಅಧಿಕಾರಿಯ ಸವಾರಿಗೆಂದು ಕಾಕಾನ ಟಾಂಗಾವನ್ನು ಬಿಟ್ಟಿ ಹಿಡಿದರು. ಉರಿಬಿಸಿಲಲ್ಲಿ ಓಡಿಸಿ ಓಡಿಸಿ, ಶಹಾಪುರ ದಾಟುವಷ್ಟರಲ್ಲಿ ಕುದುರೆ ಬಿದ್ದು ಸತ್ತಿತು. ಮರುದಿನ ಓಣಿಯವರೆಲ್ಲ ಸಮಾಧಾನ ಹೇಳಲು ಹೋದೆವು. ಕಾಕಾ ಖಾಲಿ ಟಾಂಗಾ ತೋರಿಸಿದರು.

"ಹತ್ತಿ ಕುಂದರ್ರಿ. ಎಲ್ಲಿಗೂ ಹೋಗಂಗಿಲ್ಲ, ಬಾಡಗಿನೂ ಬ್ಯಾಡ!"

ಅಳಲು ಸಿದ್ಧರಾಗಿ ಹೋದವರಿಗೆ ಅವಮಾನವಾಯಿತು. ಕಾಕಾನಿಗೆ ಹುಚ್ಚು ಹಿಡಿದಿದೆ ಎಂದು ಓಣಿ ತೀರ್ಮಾನಿಸಿತು. ದರ್ಗಾದಿಂದ ತಾಯಿತ ತಂದು ಕಟ್ಟಿದರು. ಅವರು ಅದನ್ನು ಹೊಸ ಒಡವೆಯಂತೆ ಎಲ್ಲರಿಗೂ ತೋರಿಸಿದರು. ಹತ್ತಿ ಗಿರಣಿಯಲ್ಲಿ ಹೊರೆ ಹೊರುವ ಕೆಲಸಕ್ಕೆ ಸೇರಿದರೂ ಮುಂಜಾನೆಯ ಗುನುಗು ನಿಲ್ಲಲಿಲ್ಲ.

ಹುಚ್ಚಿನ ಸುದ್ದಿ ಸುರಪುರವನ್ನೂ ಮುಟ್ಟಿತು. ಕಾಕಾನ ಒಬ್ಬಳೇ ಮಗಳನ್ನು ನೋಡಲು ಬರಬೇಕಾದವರು ಅಲ್ಲಿಯವರೇ. ನಮ್ಮ ಅತ್ತೆ ಕಾಕಾನನ್ನು ಕರೆಸಿ ಗದರಿದರು.

"ಮಗಳ ಲಗ್ನ ಆಗೂದು ಬ್ಯಾಡೇನು? ಅವರು ಬಂದಾಗರೆ ಮಾರಿ ಸಣ್ಣದು ಮಾಡ್ಕೊಂಡು ಕುಂದ್ರು!"

ಕಾಕಾ ತಲೆ ತಗ್ಗಿಸಿದರು. "ಅತ್ತೀನವ್ವಾ. ಹಾದ್ಯಾಗ ಕುದರಿ ಕುತ್ತಿಗಿ ಹಿಡಕೊಂಡು ಅತ್ತೀನಿ. ಆದ್ರ ಮುಂಜಾನಿ ಏಳೂದ್ರಾಗ ಒಳಗಿಂದ ತಾನ ನಗಿ ಬರ್ತದ. ನಾ ಏನ್ ಮಾಡ್ಲಿ?"

ಬೀಗರು ಬಂದ ದಿನ ಕಾಕಾ ಮಾತು ಉಳಿಸಿಕೊಂಡರು. ಕಲ್ಲಿನಂತೆ ಕುಳಿತರು. ಮಗಳು ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಬಂದಳು, ಅಪ್ಪನ ಮುಖ ನೋಡಿದಳು, ತಟ್ಟೆ ನಡುಗಿತು. ಕಿಸಕ್ಕನೆ ನಕ್ಕೇಬಿಟ್ಟಳು. ನಮ್ಮ ಅತ್ತೆ ಹಣೆ ಒತ್ತಿಕೊಂಡರು.

"ಯಾಕ ನಗ್ತಿ?" ವರನ ತಾಯಿ ಕೇಳಿದರು.

"ನಮ್ಮಪ್ಪನ ಮಾರಿ ನೋಡ್ರಿ. ಹಲ್ಲು ನೋವಾದಾಗ ನಮ್ಮ ಕುದರಿ ಹಿಂಗ ನಿಂದರ್ತಿತ್ತು."

ಆ ಹಿರಿಯಾಕೆ ಕಾಕಾನನ್ನು ದಿಟ್ಟಿಸಿದರು. ಕಾಕಾನ ತುಟಿಯಲ್ಲಿ ನಗು ತಡೆಯಲಿಲ್ಲ. ಆಕೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ನನ್ನ ಮಗ ಭಾಳ ಗಂಟುಮಾರಿ ಅದಾನ. ಈ ಹುಡುಗಿ ನಮಗಿರ್ಲಿ."

ಮಗಳನ್ನು ಕಳಿಸುವ ದಿನ ಕಾಕಾ ಬಂಡಿಯ ಹಿಂಬದಿ ಹಿಡಿದುಕೊಂಡು ಹೋ ಎಂದು ಅತ್ತರು. "ತಾಯಿತ ಹತ್ತಿತು ನೋಡ್ರಿ, ಹುಚ್ಚು ಬಿಡ್ತು," ಎಂದು ಓಣಿಯವರು ನಿಟ್ಟುಸಿರು ಬಿಟ್ಟರು. ಮರುದಿನ ಬೆಳಗ್ಗೆ ನಾನು ಬಾಗಿಲು ತೆರೆದೆ. ಯಾರೂ ಇಲ್ಲದ ಆ ಮನೆಯ ಅಂಗಳದಲ್ಲಿ ಕಾಕಾ ಗುನುಗುತ್ತಾ ಕಸ ಗುಡಿಸುತ್ತಿದ್ದರು. ಕಣ್ಣು ಇನ್ನೂ ಊದಿಕೊಂಡಿತ್ತು...

ಅವರು ತೀರಿಹೋಗಿ ಎಷ್ಟೋ ವರ್ಷಗಳಾದವು. ನಮ್ಮ ಮನೆಯವರೂ ಹೋದರು. ನಾನು ಇಂದಿಗೂ ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಮೀಯುತ್ತೇನೆ, ಒಲೆ ಹಚ್ಚುತ್ತೇನೆ. ಕೆಲವು ಮುಂಜಾನೆ, ಯಾವ ಕಾರಣವೂ ಇಲ್ಲದೆ, ಒಳಗಿನಿಂದ ಒಂದು ನಗು ಮೇಲೆ ಬರುತ್ತದೆ. ಬಂತು ಎಂದು ಹೇಳೋಣವೆಂದರೆ ಎದುರು ಮನೆಯಲ್ಲಿ ಕಾಕಾ ಇಲ್ಲ.