ತವರಿನ ವೋಟು

ಮದುವೆಯಾಗಿ ಆಳಂದಕ್ಕೆ ಬಂದು, ಮಕ್ಕಳು ಕಾಲೇಜು ಮುಗಿಸಿದರೂ, ನನ್ನ ವೋಟು ಮಾತ್ರ ಇನ್ನೂ ತವರಿನಲ್ಲೇ ಇದೆ. ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮಾ ನದಿಯ ದಂಡೆಗೆ ಹತ್ತಿರದ ಶಾಲೆಯಲ್ಲಿ. ಹೆಸರು ಇಲ್ಲಿಗೆ ವರ್ಗಾಯಿಸಿಕೊಳ್ಳಿ ಎಂದು ಮನೆಗೆ ಬಂದವರಿಗೆಲ್ಲ ಚಹಾ ಕುಡಿಸಿ, ಮುಂದಿನ ಸಲ ನೋಡೋಣ ಎಂದು ಸಾಗಹಾಕಿದ್ದೇನೆ. ತೊಗರಿ ವ್ಯಾಪಾರ ಮಾಡುವ ನನ್ನ ಗಂಡ ಇದನ್ನು ಕಂಡು, ನಿಮ್ಮಪ್ಪ ಮಗಳನ್ನು ಕೊಟ್ಟು ವೋಟು ಮಾತ್ರ ಇಟ್ಟುಕೊಂಡ ಎಂದು ನಗುತ್ತಾರೆ.

ಕಾರಣ ನನಗೆ ಗೊತ್ತು. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಕರೆಯದೆ ತವರಿಗೆ ಹೋಗುವಂತಿಲ್ಲ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಅವ್ವ ಇರುವ ತನಕ ನನ್ನ ತಮ್ಮ ತಪ್ಪದೆ ಬರುತ್ತಿದ್ದ. ಅವ್ವ ಹೋದ ಮೇಲೆ ಅದು ನಿಂತೇಹೋಯಿತು. ಫೋನಿನಲ್ಲಿ ಆರಾಮ ಇದ್ದೀಯಾ ಎಂದು ಕೇಳುತ್ತಾನೆ, ಬಾ ಎನ್ನುವುದಿಲ್ಲ. ಬರಲೇ ಎಂದು ಕೇಳುವ ಹೆಣ್ಣು ನಾನಲ್ಲ, ನನ್ನ ಮೂಗಿನ ತುದಿಯ ಸಿಟ್ಟು ಊರಿಗೇ ಗೊತ್ತು. ಆದರೆ ಚುನಾವಣೆಗೆ ಯಾರ ಕರೆಯೂ ಬೇಡ. ಸರ್ಕಾರವೇ ಬಾ ತಾಯಿ ಎಂದು ಕರೆಯುತ್ತದೆ. ಬಟನ್ ಒತ್ತಿ, ಇಷ್ಟು ದೂರ ಬಂದಿದ್ದೇನಲ್ಲ ಎಂಬ ಮುಖ ಮಾಡಿಕೊಂಡು ಮನೆಗೆ ಹೋಗಿ, ಒಂದು ದಿನ ಇದ್ದು ಬರುತ್ತೇನೆ. ಪಂಚಾಯತಿ, ಅಸೆಂಬ್ಲಿ, ಪಾರ್ಲಿಮೆಂಟು, ಯಾವುದನ್ನೂ ಬಿಟ್ಟಿಲ್ಲ. ಪ್ರಜಾಪ್ರಭುತ್ವದ ಮೇಲೆ ನನಗಿರುವಷ್ಟು ಪ್ರೀತಿ ಇಡೀ ಆಳಂದದಲ್ಲಿ ಇನ್ನೊಬ್ಬರಿಗೆ ಇರಲಿಕ್ಕಿಲ್ಲ.

ಈಚಿನ ಒಂದು ಚುನಾವಣೆಯಲ್ಲಿ ಇದಕ್ಕೇ ಸಂಚಕಾರ ಬಂತು. ನಮ್ಮ ತವರಿನ ಕಡೆಯಿಂದ ಪಾರ್ಲಿಮೆಂಟಿಗೆ ನಿಂತಿದ್ದ ಒಬ್ಬ ಸಾಹೇಬರು ಜೇವರ್ಗಿಯ ಸಭೆಯಲ್ಲಿ ಮೈಕು ಹಿಡಿದು ಹೀಗೆಂದರು: "ಇದೊಂದು ಸಲ ಬಂದು ಬಟನ್ ಒತ್ತಿಬಿಡ್ರಿ. ಮುಂದ ನಿಮಗ ವೋಟ್ ಹಾಕೋ ತ್ರಾಸೇ ಇರಂಗಿಲ್ಲ, ಎಲ್ಲಾ ನಾ ನೋಡ್ಕೋತೇನಿ."

ಆ ವಿಡಿಯೋ ಸಂಜೆಯ ಚಹಾದ ಹೊತ್ತಿಗೆ ನಮ್ಮ ಮನೆಯ ಎಲ್ಲ ಮೊಬೈಲಿಗೂ ಬಂದು ಬಿದ್ದಿತ್ತು. ನನ್ನ ಗಂಡ ಅದನ್ನು ಎರಡೆರಡು ಸಲ ಕೇಳಿ, ಸಾಹೇಬರಿಗೆ ಮಂಡಿನೋವು, ಇದೇ ಕೊನೆಯ ಚುನಾವಣೆ ಎಂದು ಹೇಳುತ್ತಿದ್ದಾರೆ ಎಂದರು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ, ಇನ್ನು ಮುಂದೆ ಕುಳಿತಲ್ಲೇ ಮೊಬೈಲಿನಲ್ಲಿ ವೋಟು ಬರುತ್ತದಂತೆ, ಬಹಳ ಛಲೋ ಆಯಿತು ಎಂದಳು. ಟಿವಿಯವರು ಚುನಾವಣೆಯನ್ನೇ ತೆಗೆದುಹಾಕುವ ಹುನ್ನಾರ ಎಂದು ಕೂಗಾಡಿದರು. ಮರುದಿನ ಸಾಹೇಬರೇ ಬಂದು, ನನ್ನ ಮಾತನ್ನು ತಿರುಚಿದ್ದಾರೆ, ಎದುರಿಗೆ ನಿಲ್ಲಲು ಒಬ್ಬರೂ ಬರದಷ್ಟು ಕೆಲಸ ಮಾಡಿ ಅವಿರೋಧವಾಗಿ ಗೆಲ್ಲುತ್ತೇನೆ ಎಂದದ್ದು ಎಂದು ಸಮಜಾಯಿಷಿ ಕೊಟ್ಟರು.

ನನಗೆ ಇದರಲ್ಲಿ ಒಂದೂ ಹಿಡಿಸಲಿಲ್ಲ. ಅವಿರೋಧವಾದರೂ ಅಷ್ಟೇ, ಮೊಬೈಲಿನಲ್ಲಿ ಬಂದರೂ ಅಷ್ಟೇ, ಚುನಾವಣೆಯೇ ಇಲ್ಲದೆ ಹೋದರೂ ಅಷ್ಟೇ. ಯಾವ ಅರ್ಥ ಹಿಡಿದುಕೊಂಡು ಹೊರಟರೂ ದಾರಿ ಮಣ್ಣೂರಿಗೆ ಹೋಗುತ್ತಿರಲಿಲ್ಲ. ದೇಶದ ಚಿಂತೆ ದೊಡ್ಡವರು ಮಾಡಲಿ, ನನ್ನ ಚಿಂತೆ ನನಗಿತ್ತು.

ಮತದಾನದ ದಿನ ಬೆಳಗ್ಗೆ ಹೆಂಗಸರ ಪುಕ್ಕಟೆ ಬಸ್ಸು ಹತ್ತಿದೆ. ಬಸ್ಸಿನಲ್ಲಿಯೂ ಅದೇ ಮಾತು. ಅಫಜಲಪುರದ ತನಕ ಹಿಂದಿನ ಸೀಟಿನವರು ಸಾಹೇಬರ ಮಾತನ್ನು ರೊಟ್ಟಿ ಬಡಿದ ಹಾಗೆ ಬಡಿದು ಅಗಲ ಮಾಡುತ್ತಲೇ ಇದ್ದರು. ನಾನು ಎದ್ದು ನಿಂತು, ಸ್ವಲ್ಪ ಬಾಯಿ ಮುಚ್ಚುತ್ತೀರಾ ಎಂದು ಗದರಿದೆ. ಈ ಅಕ್ಕನವರು ಯಾವ ಪಕ್ಷದವರೋ ಎಂದು ಅವರು ಅದರ ಮೇಲೆ ಚರ್ಚೆ ಶುರು ಮಾಡಿದರು.

ಮಣ್ಣೂರಿನ ಶಾಲೆಯಿಂದ ಆಚೆಗೆ, ಬೇವಿನ ಮರದ ಕೆಳಗೆ ಟೇಬಲ್ಲು ಹಾಕಿಕೊಂಡು ಕುಳಿತವನು ನನ್ನ ತಮ್ಮ. ಅವನು ಸಾಹೇಬರ ಪಕ್ಕಾ ಮನುಷ್ಯ. ಬಂದವರೆಲ್ಲ ಅವನನ್ನೇ ಹಿಡಿದು ಆ ಮಾತಿನ ಅರ್ಥ ಕೇಳುತ್ತಿದ್ದರು. ಅವನು ಪಾಠ ಒಪ್ಪಿಸಿದಂತೆ ಅವಿರೋಧ, ಅವಿರೋಧ ಎನ್ನುತ್ತಿದ್ದ. ನನ್ನನ್ನು ಕಂಡು, ಬಂದೆಯಾ, ಉಣ್ಣಲು ಮನೆಗೆ ನಡೆ ಎಂದ. ಆ ಒಂದು ಮಾತಿಗಾಗಿ ಬಿಸಿಲಿನಲ್ಲಿ ಸಾಲಿಗೆ ನಿಂತೆ.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಕುಳಿತೆವು. ತಮ್ಮನ ಹೆಂಡತಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತಿದ್ದಳು. ತಮ್ಮ ಅಲ್ಲಿಯೂ ಸಾಹೇಬರ ಮಾತು ತೆಗೆದ. ನಿಮ್ಮ ಸಾಹೇಬರಿಗೆ ಬೇರೆ ಮಾತು ಸಿಗಲಿಲ್ಲವೇ ಎಂದು ನಾನು ಹರಿಹಾಯ್ದೆ. ಅವನಿಗೆ ನಗು ಬಂತು. ವೋಟು ಇಲ್ಲದಿದ್ದರೆ ನಿನಗೇನು ನಷ್ಟ, ಈ ಬಿಸಿಲಿನಲ್ಲಿ ಬರುವುದಾದರೂ ತಪ್ಪುತ್ತದಲ್ಲ ಎಂದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಬರೋದು ತಪ್ತದ ಅಂತನೇ ನನಗ ಸಿಟ್ಟು," ಎಂದೆ. "ವೋಟ್ ಹೋದ್ರ ನನ್ನ ಈ ಮನಿಗೆ ಕರಿಯೋರು ಯಾರು?"

ಅಂದ ಮೇಲೆ ನನಗೇ ಅಳು ಬಂತು, ಅದಕ್ಕೆ ಇನ್ನೂ ಸಿಟ್ಟು ಬಂತು. ತಮ್ಮ ಹಿಡಿದ ತುತ್ತನ್ನು ತಾಟಿಗೆ ಇಟ್ಟ. ಇಷ್ಟು ವರ್ಷ ಅವನ ಮೌನಕ್ಕೆ ನಾನು ಕಟ್ಟಿದ ಅರ್ಥಗಳು ಒಂದೆರಡಲ್ಲ. ಹೊಲದಲ್ಲಿ ಪಾಲು ಕೇಳುತ್ತೇನೆಂಬ ಹೆದರಿಕೆ ಎಂದುಕೊಂಡಿದ್ದೆ. ಹೆಂಡತಿ ಬೇಡವೆಂದಿರಬೇಕು ಎಂದೂ ಅಂದುಕೊಂಡಿದ್ದೆ, ಅದನ್ನೇ ಹೆಚ್ಚು ನಂಬಿದ್ದೆ.

"ಅವ್ವ ಕಳಸ್ತಿದ್ಲು, ನಾ ಬರ್ತಿದ್ದೆ," ಎಂದ ತಮ್ಮ. "ಈಗ ಕಳಸೋರು ಯಾರೂ ಇಲ್ಲಕ್ಕಾ."

ಊರಿಗೆಲ್ಲ ಭಾಷಣದ ಅರ್ಥ ಬಿಡಿಸಿ ಹೇಳುವ, ತಲೆಗೂದಲು ನರೆತ ಗಂಡಸು ಹೀಗೆಂದ. ನಗಬೇಕೋ, ತಲೆಗೆ ಒಂದು ಮೊಟಕಬೇಕೋ ತಿಳಿಯಲಿಲ್ಲ. ಅವ್ವ ಹೋದದ್ದು ನನಗೊಬ್ಬಳಿಗೇ ಎಂಬಂತೆ ಇಷ್ಟು ದಿನ ಇದ್ದೆನಲ್ಲ ಎಂದು ನಾಚಿಕೆಯಾಯಿತು.

ಒಲೆಯ ಬಳಿ ನಿಂತಿದ್ದ ಅವನ ಹೆಂಡತಿ ಆಗ ಮಾತಾಡಿದಳು. ಪ್ರತಿ ಪಂಚಮಿಗೂ ನನ್ನ ಪಾಲಿನ ಉಂಡಿಯನ್ನೂ ಕಟ್ಟುತ್ತಿದ್ದಳಂತೆ. ಅಕ್ಕನನ್ನು ಕರೆಯುವುದು ಅಕ್ಕ ತಮ್ಮಂದಿರ ನಡುವಿನ ವಿಷಯ, ಸೊಸೆಯಾಗಿ ಬಂದವಳು ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿರುತ್ತಿದ್ದಳಂತೆ. ಈ ಸಲ ಸಾಹೇಬರ ಮಾತು ಕೇಳಿದಾಗ ಅವಳಿಗೂ, ಇನ್ನು ಅಕ್ಕ ಬರುವುದಿಲ್ಲ ಎಂದು ಕಳವಳವಾಗಿತ್ತಂತೆ. ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಇರಬೇಕು.

"ಇನ್ನ ಮ್ಯಾಲ ನಾ ಕಳಸ್ತೇನ್ರಿ ಅಕ್ಕಾ," ಎಂದು ಹೇಳಿ, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಬೇಡವೆನ್ನಲಿಲ್ಲ.